ಚುಕ್ಕಿ ಇರೋ ಚಾನೆಲ್ ನಂಬರ್

ಪ್ರಶ್ನೆ: ಚಿಕಾಗೋದಲ್ಲಿರೋ ಮಗಳ ಮನೇಲಿ ಬರೀ ಆಂಟೆನಾ ಹಾಕಿ ಟಿವಿ ನೋಡ್ತಾರೆ, 26.1, 26.2 ಅಂತ ನಂಬರ್ ಬರುತ್ತೆ. ಏನ್ ಸಾರ್ ಇದು?

ಉತ್ತರ: ಅದು ಸಬ್‌ಚಾನೆಲ್ ಅಮ್ಮಾ, ಚುಕ್ಕಿಗೆ ಮುಂಚೆ ಇರೋದು ಸ್ಟೇಷನ್ ನಂಬರ್, ಆಮೇಲಿಂದು ಆ ಸ್ಟೇಷನ್ ಒಳಗಿನ ಒಂದೊಂದು ಚಾನೆಲ್. ಅಮೆರಿಕದಲ್ಲಿ ಒಂದು ಸ್ಟೇಷನ್‌ಗೆ ರೇಡಿಯೋ ತರಂಗದಲ್ಲಿ 6 ಮೆಗಾಹರ್ಟ್ಸ್ ಜಾಗ, ಅನಲಾಗ್ ಕಾಲದಲ್ಲಿ, ಅಂದ್ರೆ ಡಿಜಿಟಲ್‌ಗೆ ಮುಂಚಿನ ಹಳೇ ಪ್ರಸಾರದಲ್ಲಿ, ಅದ್ರಲ್ಲಿ ಒಂದೇ ಚಾನೆಲ್ ಹಿಡಿಸ್ತಿತ್ತು, ಡಿಜಿಟಲ್ ಆದ್ಮೇಲೆ ಅದೇ ಜಾಗದಲ್ಲಿ ಸೆಕೆಂಡಿಗೆ ಸುಮಾರು 19 ಮೆಗಾಬಿಟ್ ಹೋಗುತ್ತೆ, ಹಾಗಾಗಿ ನಾಲ್ಕೈದು ಚಾನೆಲ್ ಕೂರಿಸ್ಬೋದು, ಆದ್ರೆ ಜಾಸ್ತಿ ತುಂಬಿದಷ್ಟೂ ಪಿಕ್ಚರ್ ಕ್ವಾಲಿಟಿ ಇಳಿಯುತ್ತೆ. ನೀವು ನೋಡಿದ 26 ಅಂದ್ರೆ ಡಬ್ಲ್ಯೂಸಿಐಯು, 1964ರಲ್ಲಿ ಶುರುವಾದ ಸ್ಟೇಷನ್, ವೈಗಲ್ ಕಂಪನಿದು.

ಇದ್ರ ಕಥೇಲಿ ನಂಗೆ ತುಂಬಾ ಇಷ್ಟ ಆಗೋದು ಮೀಟಿವಿ ಅನ್ನೋ ಹಳೇ ಸೀರಿಯಲ್‌ಗಳ ಚಾನೆಲ್. 2005ರ ಜನವರಿ 1ಕ್ಕೆ ಅದೇ ಕಂಪನಿಯ ಲೋ ಪವರ್ (ಕಮ್ಮಿ ಶಕ್ತಿಯ) ಚಾನೆಲ್ 23ರಲ್ಲಿ ಇದನ್ನ ಹಾಕೋಕೆ ಶುರು ಮಾಡಿದ್ರು, ಲೋ ಪವರ್ ಸಿಗ್ನಲ್ ದೂರ ಹೋಗಲ್ಲ ನೋಡಿ, 26ರ ಸಬ್‌ಚಾನೆಲ್‌ನಲ್ಲೂ ಹಾಕಿದ್ಮೇಲೆ ಊರಾಚೆಗೂ ಸಿಕ್ತು. 2009ರ ಜೂನ್ 12ಕ್ಕೆ ದೊಡ್ಡ ಸ್ಟೇಷನ್‌ಗಳ ಅನಲಾಗ್ ನಿಂತೋಯ್ತು, 2010ರ ಡಿಸೆಂಬರ್ 15ಕ್ಕೆ ಮೀಟಿವಿ ರಾಷ್ಟ್ರೀಯ ನೆಟ್‌ವರ್ಕ್ ಆಗಿ ಬೇರೆ ಊರಿನ ಸಬ್‌ಚಾನೆಲ್‌ಗಳಿಗೂ ಹೋಯ್ತು. ಕೇಬಲ್ ದುಡ್ಡಿಲ್ದೆ ಹಳೇ ಕಾರ್ಯಕ್ರಮ ನೋಡೋ ಹಿರಿಯರಿಗೆ ಇದು ನಿಜವಾಗ್ಲೂ ದೊಡ್ಡ ಉಪಕಾರ.

ಯಾವ್ದಾದ್ರೂ ನಂಬರ್ ಕಾಣ್ತಿಲ್ಲ ಅಂದ್ರೆ ಮಗಳಿಗೆ ಟಿವಿಲಿ ಚಾನೆಲ್ ರೀಸ್ಕ್ಯಾನ್ ಮಾಡೋಕೆ, ಅಂದ್ರೆ ಚಾನೆಲ್‌ಗಳನ್ನ ಮತ್ತೆ ಹುಡುಕಿಸೋಕೆ ಹೇಳಿ.