ಟೊರೊಂಟೊದಲ್ಲಿ ಸೀನಿಯರ್ ಡೇಟಾ ಅನಲಿಸ್ಟ್ ಕೆಲಸ: ನೀವು ಕೇಳಿದ್ದಕ್ಕೆ

"ಅಕ್ಕ, ಬೆಂಗಳೂರಿನ ಇ-ಕಾಮರ್ಸ್ ಕಂಪನಿಯಲ್ಲಿ ಏಳು ವರ್ಷ ಡೇಟಾ ಕೆಲಸ ಮಾಡಿದ್ದೇನೆ, ಈಗ ಟೊರೊಂಟೊದ ಡಿಜಿಟಲ್ ಮೀಡಿಯಾ ಕಂಪನಿಯೊಂದರಿಂದ ಸೀನಿಯರ್ ಅನಲಿಸ್ಟ್ ಆಫರ್ ಬಂದಿದೆ, ಬರಬಹುದಾ?" ಅಂತ ಕೇಳಿದ್ದೀರಿ. ಬನ್ನಿ. ಆದರೆ ಕೆಲಸ ಏನು ಅಂತ ಸರಿಯಾಗಿ ತಿಳ್ಕೊಂಡು ಬನ್ನಿ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು, ಅದರಲ್ಲಿ ಆರು ವರ್ಷದಿಂದ ಸುದ್ದಿ ವೆಬ್‌ಸೈಟ್‌ನಲ್ಲೇ ಇದೇ ಕೆಲಸ.

ಡೇಟಾ ಹುಡುಕಿ ತೆಗೆಯೋ ಎಸ್‌ಕ್ಯೂಎಲ್, ಬಿಗ್‌ಕ್ವೆರಿ, ಅದನ್ನ ತೋರಿಸೋ ಡ್ಯಾಶ್‌ಬೋರ್ಡ್, ಇವೆಲ್ಲ ನಿಮಗೆ ಬರುತ್ತೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆ ಆಗೋದು ಒಂದೇ ಕಡೆ. ಇ-ಕಾಮರ್ಸ್‌ನಲ್ಲಿ ಕೊನೆಗೆ ಒಂದು ಆರ್ಡರ್ ಇರುತ್ತೆ, ದುಡ್ಡು ಬಂತಾ ಇಲ್ವಾ ಅನ್ನೋದು ಗೊತ್ತಾಗುತ್ತೆ. ಇಲ್ಲಿ ಓದುಗ ಬಂದ, ಓದಿದ, ಹೋದ. ಅವನಿಗೆ ಅದು ಮುಟ್ಟಿತಾ ಅನ್ನೋದಕ್ಕೆ ಯಾವ ಕಾಲಂ ಕೂಡ ಇಲ್ಲ. ಹಾಗಾಗಿ ಈ ಸಂಖ್ಯೆ ಏನು ಹೇಳುತ್ತೆ, ಏನು ಹೇಳಲ್ಲ ಅಂತ ಎಡಿಟರ್ ಮುಂದೆ ಬಾಯಿ ಬಿಟ್ಟು ಹೇಳೋದೇ ಇಲ್ಲಿ ಸೀನಿಯರ್ ಆದವರ ಕೆಲಸ.

2023ರ ಬೇಸಿಗೆಯ ಕಥೆ ಹೇಳ್ತೀನಿ, ಆಗ ಅರ್ಥ ಆಗುತ್ತೆ. ಜುಲೈ 1ಕ್ಕೆ ಗೂಗಲ್, ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡೋ ತನ್ನ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ನಿಲ್ಲಿಸೋಕೆ ಶುರು ಮಾಡಿತು. ಎಲ್ಲರೂ ಅದರ ಹೊಸ ರೂಪ ಜಿಎ4ಗೆ ಹೋಗಬೇಕಾಯ್ತು. ಅದರ ಲೆಕ್ಕದ ರೀತಿಯೇ ಬೇರೆ, ಸೆಷನ್ (ಓದುಗನ ಒಂದು ಭೇಟಿ) ಅಂದರೆ ಏನು ಅನ್ನೋದೇ ಬೇರೆ. ಅದನ್ನ ಅರಗಿಸಿಕೊಳ್ಳೋ ಮೊದಲೇ ಆಗಸ್ಟ್ 1ರಿಂದ ಮೆಟಾ ಕಂಪನಿ ಕೆನಡಾದಲ್ಲಿ ತನ್ನ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಸುದ್ದಿ ತೆಗೆಯೋಕೆ ಶುರು ಮಾಡಿತು. ಮೆಟಾದಂಥ ಕಂಪನಿಗಳು ಸುದ್ದಿ ಲಿಂಕ್‌ಗೆ ಸುದ್ದಿ ಸಂಸ್ಥೆಗಳಿಗೆ ದುಡ್ಡು ಕೊಡಬೇಕು ಅನ್ನೋ ಬಿಲ್ ಸಿ-18 ಜೂನ್‌ನಲ್ಲಿ ಪಾಸ್ ಆಗಿತ್ತಲ್ಲ, ಅದಕ್ಕೆ ಅವರ ಉತ್ತರ ಅದು. ಒಂದೇ ದಿನ ಎಲ್ಲಾ ನಿಲ್ಲಲಿಲ್ಲ, ಕೆಲವು ವಾರ ಸ್ವಲ್ಪ ಸ್ವಲ್ಪವೇ ಇಳಿಯಿತು. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದರೆ ಚಾರ್ಟ್‌ನಲ್ಲಿ ಫೇಸ್‌ಬುಕ್‌ನಿಂದ ಬರೋ ಓದುಗರ ನೀಲಿ ಗೆರೆ ನಿನ್ನೆಗಿಂತ ಕೆಳಗೆ. ಸೆಪ್ಟೆಂಬರ್‌ನಲ್ಲಿ ಕ್ವಿಬೆಕ್ ಪ್ರಾಂತ್ಯದ ಹೊಸ ಖಾಸಗಿತನದ ಕಾನೂನು ಬಂತು, ಅಲ್ಲಿ ಟ್ರ್ಯಾಕ್ ಮಾಡೋಕೆ ಒಪ್ಪಿಗೆ ಕೊಡದ ಓದುಗರು ನಮ್ಮ ಲೆಕ್ಕದಿಂದಲೇ ಹೊರಗೆ ಹೋದರು.

"ಮೆಟಾದಿಂದ ನಮಗೆ ಎಷ್ಟು ಪರ್ಸೆಂಟ್ ನಷ್ಟ? ಮಧ್ಯಾಹ್ನದೊಳಗೆ ಹೇಳಿ" ಅಂತ ಮೀಟಿಂಗ್‌ನಲ್ಲಿ ಎಡಿಟರ್‌ಗಳು ಕೇಳಿದರು. ಒಂದು ಸಂಖ್ಯೆ ಕೊಟ್ಟು ಕೈ ತೊಳ್ಕೊಳ್ಳೋದು ಸುಲಭ ಇತ್ತು. ಆದರೆ ಕಳೆದ ವರ್ಷದ್ದನ್ನ ಅಳೆದ ಕೋಲೇ ಬೇರೆ, ಈ ವರ್ಷದ ಕೋಲೇ ಬೇರೆ. ಎರಡು ಸಿಸ್ಟಮ್ ಜೊತೆಯಲ್ಲಿ ಓಡಿದ ತಿಂಗಳುಗಳ ಡೇಟಾ ಹಿಡಿದು, ಅಳತೆ ಬದಲಾದದ್ದರಿಂದ ಎಷ್ಟು, ಫೇಸ್‌ಬುಕ್‌ನಿಂದ ಎಷ್ಟು ಅಂತ ಬಿಡಿಸೋಕೆ ಮೂರು ದಿನ ಬೇಕು ಅಂದೆ. ಮೀಟಿಂಗ್‌ನಲ್ಲಿ ಎಲ್ಲರೂ ಸುಮ್ಮನಾದರು. ಆಮೇಲೆ ಮೂರು ದಿನ ಕೊಟ್ಟರು.

ಅದೇ ಆಗಸ್ಟ್ ಮಧ್ಯದಲ್ಲಿ ಕಾಡ್ಗಿಚ್ಚು ಹತ್ತಿರ ಬಂತು ಅಂತ ಉತ್ತರದ ಯೆಲ್ಲೋನೈಫ್ ಊರಿಗೆ ಊರೇ ಖಾಲಿ ಮಾಡಿ ಅಂದರು, ಸುಮಾರು 20,000 ಜನ. ಯಾವ ರಸ್ತೆ ತೆರೆದಿದೆ ಅನ್ನೋ ಸುದ್ದಿಯ ಲಿಂಕ್‌ ಕೂಡ ಫೇಸ್‌ಬುಕ್‌ನಲ್ಲಿ ಹಾಕೋಕೆ ಆಗ್ತಿರಲಿಲ್ಲ. ಜನ ಸುದ್ದಿಯ ಸ್ಕ್ರೀನ್‌ಶಾಟ್ ತೆಗೆದು ಒಬ್ಬರಿಗೊಬ್ಬರು ಕಳಿಸಿದರು. ನನ್ನ ರಿಪೋರ್ಟ್‌ನಲ್ಲಿ ಆ ಸ್ಕ್ರೀನ್‌ಶಾಟ್‌ಗಳು ಎಲ್ಲೂ ಇಲ್ಲ. ಫೇಸ್‌ಬುಕ್ ಸಾಲಿನಲ್ಲಿ ಸೊನ್ನೆ ಇತ್ತು, ಆ ಸೊನ್ನೆಯ ಹಿಂದೆ ಕಾರಿನಲ್ಲಿ ಮಕ್ಕಳನ್ನ ಕೂರಿಸಿಕೊಂಡು ಸುದ್ದಿ ಓದುತ್ತಿದ್ದ ಜನ ಇದ್ದರು. ಅವತ್ತಿನಿಂದ ನಾನು ಪ್ರತಿ ರಿಪೋರ್ಟ್ ಕೊನೆಯಲ್ಲಿ "ಇದರಲ್ಲಿ ಲೆಕ್ಕಕ್ಕೆ ಬರದೇ ಇರುವುದು" ಅಂತ ನಾಲ್ಕು ಸಾಲು ಬರೆಯುತ್ತೇನೆ. ಎಡಿಟರ್‌ಗಳು ಈಗ ಅದನ್ನೇ ಮೊದಲು ಓದುತ್ತಾರೆ.

ಸಣ್ಣದೊಂದು ಹೇಳಿಬಿಡ್ತೀನಿ, ಮೊದಲ ನವೆಂಬರ್‌ನಲ್ಲೇ ಬೇಕಾಗುತ್ತೆ. ಇಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ರಾತ್ರಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತೆ. ಗಂಟೆವಾರು ಚಾರ್ಟ್‌ನಲ್ಲಿ ಆ ಕಂಬ ಎದ್ದು ನಿಂತಿರುತ್ತೆ, ಏನೋ ದೊಡ್ಡ ಸುದ್ದಿ ಓಡಿದೆ ಅನ್ನಿಸುತ್ತೆ. ಡೇಟಾವನ್ನ ಯುಟಿಸಿಯಲ್ಲೇ, ಅಂದರೆ ಹಿಂದೆ ಮುಂದೆ ಆಗದ ವಿಶ್ವ ಸಮಯದಲ್ಲೇ ಇಡಿ.

ಮ್ಯಾನೇಜರ್‌ನ ಹೆಸರು ಹಿಡಿದೇ ಕರೆಯಬೇಕು, ಸರ್, ಮೇಡಂ ಇಲ್ಲ. ಅದು ಒಂದು ವಾರದಲ್ಲಿ ರೂಢಿ ಆಗುತ್ತೆ. "ಇಷ್ಟು ಹೊತ್ತಿಗೆ ಆಗಲ್ಲ" ಅನ್ನೋದು ರೂಢಿ ಆಗೋಕೆ ನನಗೆ ಎರಡು ವರ್ಷ ಹಿಡಿಯಿತು. ನೀವು ಬೇಗ ಕಲಿಯಿರಿ.

ಕೆಲಸ ಭದ್ರವಾ ಅಂದರೆ, ಇಲ್ಲ. ಹಫ್‌ಪೋಸ್ಟ್ ಕೆನಡಾ ಅನ್ನೋ ಸುದ್ದಿ ವೆಬ್‌ಸೈಟನ್ನ 2021ರ ಮಾರ್ಚ್‌ನಲ್ಲಿ ಮುಚ್ಚಿದರು. ನನ್ನ ಹಿಂದಿನ ಕಂಪನಿಯಲ್ಲೂ ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಕಾಲ್‌ನಲ್ಲಿ ನಮ್ಮ ಟೀಮ್ ಇಡೀ ಹೋಯಿತು, ಮಗನಿಗೆ ಆಗ ಎಂಟು ತಿಂಗಳು. ಆಫರ್ ಲೆಟರ್‌ನಲ್ಲಿ ಕೆಲಸದಿಂದ ತೆಗೆದರೆ ಎಷ್ಟು ವಾರದ ಸಂಬಳ ಅನ್ನೋ ಸಾಲು ಹುಡುಕಿ ಓದಿ. ನಾಲ್ಕು ತಿಂಗಳ ಖರ್ಚು ಪಕ್ಕಕ್ಕೆ ಇಡೋವರೆಗೂ ಕಾರು ತಗೋಬೇಡಿ.

ಬಾಡಿಗೆ ಜಾಸ್ತಿ. ಹೊಸಬರು ಅಂತ ಕೆಲವು ಮಾಲೀಕರು ಆರು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಟೊರೊಂಟೊ ಇರೋ ಒಂಟಾರಿಯೊ ಪ್ರಾಂತ್ಯದ ಕಾನೂನಿನಲ್ಲಿ ಡೆಪಾಸಿಟ್ ಅಂತ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳೋ ಹಾಗಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಆರು ಕಡಿಮೆ ಅನ್ನಿಸುತ್ತೆ, ನಾನೂ ಮೊದಲ ಮನೆಗೆ ಹಾಗೇ ಕೊಟ್ಟಿದ್ದೆ. ನೀವು ಕೊಡಬೇಡಿ. ಚಳಿ ಜಾಕೆಟ್ ಅಲ್ಲಿಂದ ತರಬೇಡಿ, ಇಲ್ಲೇ ತಗೊಳ್ಳಿ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲು, ಆಗ ಮನೆ ನೆನಪು ಹೊಟ್ಟೆಯೊಳಗೇ ಕೂತುಬಿಡುತ್ತೆ. ಅಂಥ ದಿನ ಫೋನ್ ಮಾಡಿ. ನಮ್ಮನೆ ಟೊರೊಂಟೊ ಹತ್ತಿರದ ಬ್ರಾಂಪ್ಟನ್‌ನಲ್ಲಿ, ಅಲ್ಲಿಂದ ಗೋ ಟ್ರೈನ್ ಇದೆ, ರಾತ್ರಿ ಊಟಕ್ಕೆ ಬನ್ನಿ.