ಎನ್‌ಜಿಒ ಕೆಲಸದಿಂದ ನಿವೃತ್ತಿಯಾದ ಮೇಲೂ ಅದೇ ಕ್ಷೇತ್ರಕ್ಕೆ ಹೇಗೆ ನೆರವಾಗಬಹುದು?

ದಾವಣಗೆರೆಯ ಸಂಸ್ಥೆಯೊಂದರಲ್ಲಿ 25 ವರ್ಷ ದುಡಿದಿದ್ದೀರಿ, ಬರುವ ಮಾರ್ಚ್ 31ಕ್ಕೆ ನಿವೃತ್ತಿ, ಸಂಬಳ ಬೇಡ ಆದರೆ ಕೆಲಸ ಬಿಟ್ಟಿರಲು ಆಗುವುದಿಲ್ಲ, ಒಂದು ಟ್ರಸ್ಟ್ ಶುರು ಮಾಡಲೇ ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗದವನು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಜಲಾನಯನ (ಮಳೆನೀರು, ಮಣ್ಣು ಉಳಿಸುವುದು) ಮತ್ತು ಸ್ವಸಹಾಯ ಸಂಘಗಳ ಕೆಲಸದಲ್ಲಿದ್ದೆ. ಬಿಟ್ಟು ನಾಲ್ಕು ವರ್ಷವಾಯಿತು. ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ.

ನಿವೃತ್ತಿಯಾದ ಮೇಲೂ ದಿನಾ ಹತ್ತು ಗಂಟೆಗೆ ಹಳೆಯ ಆಫೀಸಿಗೆ ಹೋಗಿ ಕೂರುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅಂತ ನನ್ನ ಲೆಕ್ಕ. ಹಳ್ಳಿಯಿಂದ ಬಂದವರು ಹೊಸ ಸಂಯೋಜಕಿಯ ಟೇಬಲ್ ದಾಟಿ ಸೀದಾ ನನ್ನ ಹತ್ತಿರ ಬರುತ್ತಿದ್ದರು. ಆ ಹುಡುಗಿ ಒಂದು ಮಾತೂ ಆಡಲಿಲ್ಲ. ಒಂದು ದಿನ ಹೋದಾಗ ನನ್ನ ಕುರ್ಚಿಯ ಮೇಲೆ ಪ್ರಿಂಟರ್ ಕೂತಿತ್ತು. ಟೀ ಕುಡಿದು ಎದ್ದು ಬಂದೆ. ನೀವು ಒಂದಾರು ತಿಂಗಳು ಆ ಕಡೆ ತಲೆ ಹಾಕಬೇಡಿ. ಕರೆದರೆ ಮಾತ್ರ ಹೋಗಿ.

ಇನ್ನು ಟ್ರಸ್ಟ್. ಸುಮ್ನೆ ಬೇಡ. ನೋಂದಣಿ ಮಾಡಿಸುವುದು ಸುಲಭ, ಆಮೇಲಿನದ್ದೇ ಕಷ್ಟ. ಮೊದಲು 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಒಮ್ಮೆ ಸಿಕ್ಕರೆ ಚಿಂತೆ ಇರಲಿಲ್ಲ. 2021ರಿಂದ ಹಳೆಯ ಸಂಸ್ಥೆಗಳೂ ಹೊಸದಾಗಿ ಅರ್ಜಿ ಹಾಕಬೇಕಾಯಿತು, ಈಗ ಅವಧಿ ಮುಗಿಯುವ ಮುಂಚೆ ನವೀಕರಿಸುತ್ತಾ ಇರಬೇಕು. ಕಂಪನಿಗಳು ಸಮಾಜಕ್ಕೆಂದು ಕೊಡುವ ಸಿಎಸ್‌ಆರ್ ಹಣ ಬೇಕೆಂದರೆ ಸಿಎಸ್‌ಆರ್-1 ಅರ್ಜಿ ಬೇರೆ. ವಿದೇಶಿ ದೇಣಿಗೆಗೆ, ಅದರ ಕಾನೂನಿಗೆ 2020ರ ತಿದ್ದುಪಡಿ ಆದಮೇಲೆ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು, ಆ ಹಣದಲ್ಲಿ ಆಡಳಿತ ಖರ್ಚು ಶೇ. 20 ದಾಟುವಂತಿಲ್ಲ. ಈಗಾಗಲೇ ಇರುವ ಸಣ್ಣ ಸಂಸ್ಥೆಗಳೇ ಇದರಲ್ಲಿ ಒದ್ದಾಡುತ್ತಿವೆ. ನೀವು ಹೋಗಬೇಕಾದ್ದು ಅಲ್ಲಿಗೆ.

ಹಿರಿಯೂರು ಕಡೆ ಐದೇ ಜನರ ಸಂಸ್ಥೆಯೊಂದಕ್ಕೆ ನಾನು ವಾರಕ್ಕೆರಡು ದಿನ ಹೋಗುತ್ತೇನೆ. ಮೊದಲ ದಿನ ಒಂದು ಬಿಸ್ಕತ್ತಿನ ಡಬ್ಬ ತಂದು ಮುಂದಿಟ್ಟರು. ಒಳಗೆ ವರ್ಷದ ಖರ್ಚಿನ ಚೀಟಿಗಳು. ಬಸ್ಸಿನ ಮೆಷಿನ್ ಟಿಕೆಟ್‌ಗಳೆಲ್ಲ ಬೆಳ್ಳಗಾಗಿದ್ದವು, ಒಂದಕ್ಷರ ಕಾಣದು. ಆಡಿಟರ್ ಮುಂದೆ ಬಿಳಿ ಕಾಗದ ಇಡೋಕಾಗುತ್ತಾ? ಟಿಕೆಟ್ ಬಂದ ದಿನವೇ ಜೆರಾಕ್ಸ್ ಮಾಡಿ ವೋಚರ್‌ಗೆ ಅಂಟಿಸಲು ಕಲಿಸಿದೆ. ಸಭೆಯ ನಡಾವಳಿ ಪುಸ್ತಕದಲ್ಲಿ ಸಹಿಗಳಿದ್ದವು, ಏನು ತೀರ್ಮಾನವಾಯಿತು ಅನ್ನುವ ಠರಾವೇ ಇರಲಿಲ್ಲ! ದೊಡ್ಡ ಸಂಸ್ಥೆಗಳಿಗೆ ಇದಕ್ಕೆಲ್ಲ ಜನ ಇರುತ್ತಾರೆ. ಇವರಿಗೆ ಯಾರೂ ಇಲ್ಲ.

ಆದರೆ ನಮ್ಮ ಹತ್ತಿರ ಇದಕ್ಕಿಂತ ಬೆಲೆಬಾಳುವುದು ಒಂದಿದೆ. ಅದನ್ನು ಹೇಳಲು ಸ್ವಲ್ಪ ನಾಚಿಕೆ.

ಹೋದ ವರ್ಷ ಅದೇ ಸಂಸ್ಥೆಯ ಹುಡುಗರು ಮೊಬೈಲಿನಲ್ಲಿ ನಕ್ಷೆ ಹಿಡಿದು ಒಂದು ಹಳ್ಳ ತೋರಿಸಿದರು, ಇಲ್ಲಿ ಚೆಕ್ ಡ್ಯಾಮ್ ಕಟ್ಟೋಣ ಸರ್ ಅಂತ. ಆ ಜಾಗ ನನಗೆ ಗೊತ್ತು. ಅದಕ್ಕಿಂತ ಸ್ವಲ್ಪ ಕೆಳಗೆ, ತೊಂಬತ್ತರ ದಶಕದಲ್ಲಿ, ನಾವೇ ಒಂದು ಕಟ್ಟಿಸಿದ್ದೆವು. ಮೇಲಿನ ಹೊಲಗಳಿಗೆ ಬದು ಹಾಕಿಸದೆ ಹಳ್ಳಕ್ಕೆ ಕೈ ಹಾಕಿದ್ದೆವು. ಎರಡು ಮಳೆಗಾಲಕ್ಕೆ ಹೂಳು ತುಂಬಿ, ಮೇಲೆ ಜಾಲಿ ಬೆಳೆಯಿತು. ವರದಿಯಲ್ಲಿ ‘ಕಾಮಗಾರಿ ಯಶಸ್ವಿ’ ಎಂದಿದೆ. ಬರೆದವನು ನಾನೇ. 2001ರ ನಂತರ ಸರ್ಕಾರದ ಸುಜಲಾ ಜಲಾನಯನ ಯೋಜನೆ ಐದು ಜಿಲ್ಲೆಗಳಿಗೆ ಬಂತು, ನಮ್ಮದೂ ಅದರಲ್ಲಿ ಒಂದು. ದಿಣ್ಣೆಯಿಂದ ಶುರು ಮಾಡಿ ಹಳ್ಳಕ್ಕೆ ಇಳಿಯಬೇಕು ಅನ್ನುವ ಪಾಠ ನಮಗೆ ಗಟ್ಟಿಯಾಗಿದ್ದು ಆಗ. ಹುಡುಗರನ್ನು ಕರೆದುಕೊಂಡು ಹೋಗಿ ಆ ಹೂತ ಗೋಡೆ ತೋರಿಸಿದೆ. ಒಂದು ಮೊಳ ಕಾಂಕ್ರೀಟ್ ಮಾತ್ರ ಮೇಲಿತ್ತು. ಒಬ್ಬ ಅದರ ಮೇಲೆ ನಿಂತು, ‘ಸರ್, ಇದು ಯಾವ ಫೈಲಲ್ಲೂ ಇಲ್ವಲ್ಲ’ ಎಂದ. ಎಲ್ಲಿಂದ ಇರಬೇಕು?

ನಿಮ್ಮ 25 ವರ್ಷದಲ್ಲೂ ಫೈಲಿಗೆ ಬಾರದ ಇಂಥ ಸಂಗತಿಗಳು ಇರುತ್ತವೆ ಅಲ್ವಾ? ಒಂದು ನೋಟ್‌ಬುಕ್ ತಗೊಂಡು ಬರೆದಿಡಿ. ಒಡೆದುಹೋದ ಸಂಘ ಯಾವುದು, ಸಾಲ ಎಲ್ಲಿ ನಿಂತಿತು, ಬಾಯಿಮಾತಲ್ಲಿ ಜಾಗ ಬಿಟ್ಟುಕೊಟ್ಟವರು ಯಾರು.

ಎರಡು ಎಚ್ಚರಿಕೆ. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಎಷ್ಟು ಒತ್ತಾಯ ಮಾಡಿದರೂ ಬೇಡ. ಬಸ್ ಚಾರ್ಜ್ ಮಾತ್ರ ತಪ್ಪದೆ ತಗೊಳ್ಳಿ. ಪುಕ್ಕಟೆ ಬಂದವರ ಹತ್ತಿರ ಇಂಥ ಕೆಲಸ ಮಾಡಿಕೊಡಿ ಅಂತ ಬಾಯಿಬಿಟ್ಟು ಕೇಳಲು ಜನ ಹಿಂಜರಿಯುತ್ತಾರೆ.

ನಿಮಗೆ ಹತ್ತಿರ ಜಗಳೂರು ಇದೆ. 1997ರಲ್ಲಿ ನಿಮ್ಮ ಜಿಲ್ಲೆ ಆಗುವ ತನಕ ನಮ್ಮದೇ ತಾಲ್ಲೂಕು, ಬರವೂ ನಮ್ಮದೇ. ಅಲ್ಲಿ ಪರಿಚಯದ ಸಣ್ಣ ಸಂಸ್ಥೆ ಇದ್ದರೆ ಏಪ್ರಿಲ್ ಮೊದಲ ವಾರ ಫೋನ್ ಮಾಡಿ. ಲೆಕ್ಕ ಮುಗಿಸುವ ತಲೆಬಿಸಿ ಅವರಿಗೆ ಶುರುವಾಗಿರುತ್ತದೆ. ‘ವೋಚರ್ ಎಲ್ಲಾ ಜೋಡಿಸಿದ್ದೀರಾ?’ ಅಂತ ಕೇಳಿ ನೋಡಿ, ಯಾವ ಬಸ್ಸಿಗೆ ಬರುತ್ತೀರಿ ಅಂತ ಅವರೇ ಕೇಳುತ್ತಾರೆ.