ರೇಲಿಂಗ್ ಎತ್ತರಿಸಿದರೆ ಗೋಪುರದ ಅಂದ ಕೆಡುತ್ತದಾ?

ಪ್ರಶ್ನೆ: ನಗರದ ಮಧ್ಯೆ ಒಂದು ವೀಕ್ಷಣಾ ಗೋಪುರ ಬರಲಿದೆ. ಅದರ ಸಮಿತಿಯಲ್ಲಿ ನಾನೂ ಇದ್ದೇನೆ. ಸೊಂಟದೆತ್ತರದ ಗಾಜು ಸಾಕು, ಇನ್ನೂ ಎತ್ತರಿಸಿದರೆ ಪಂಜರದ ಥರ ಕಾಣುತ್ತದೆ ಎನ್ನುತ್ತಾರೆ ಆರ್ಕಿಟೆಕ್ಟ್. ಆಳೆತ್ತರ ಮೀರಿದ ತಡೆ ಬೇಕೇ ಬೇಕು ಎನ್ನುತ್ತಾರೆ ಎಂಜಿನಿಯರ್. ಉಳಿದವರದ್ದು ಒಂದೇ ಮಾತು: 'ಈಗ ಕಟ್ಟಿಬಿಡೋಣ, ತೊಂದರೆ ಬಂದರೆ ಆಮೇಲೆ ನೋಡಿಕೊಳ್ಳೋಣ.' ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ಮೂರನೇ ಮಾತನ್ನು ಪಕ್ಕಕ್ಕಿಡಿ. ಮೂರರಲ್ಲಿ ನಿಜಕ್ಕೂ ಅಪಾಯದ್ದು ಅದೇ.

ನ್ಯೂಯಾರ್ಕ್‌ನ 'ವೆಸೆಲ್' ಎಂಬ ಮೆಟ್ಟಿಲ ಗೋಪುರದ ಬಗ್ಗೆ ಕೇಳಿರಬಹುದು. ಥಾಮಸ್ ಹೆದರ್‌ವಿಕ್ ವಿನ್ಯಾಸ, 2019ರಲ್ಲಿ ತೆರೆದದ್ದು. 46 ಮೀಟರ್ ಎತ್ತರಕ್ಕೆ ಬರೀ ಮೆಟ್ಟಿಲು, ಹತ್ತಿರ ಹತ್ತಿರ 2,500. ನೋಡಲು ಚೆಂದ, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟು ಮೇಲೆ ಹೋದರೂ ಅಂಚಿನ ತಡೆ ಎದೆಮಟ್ಟದ್ದೇ. ಅಲ್ಲಿಂದ ಹಾರಿ ಕೆಲವರು ಜೀವ ಕಳೆದುಕೊಂಡರು. 2021ರ ಜನವರಿಯಲ್ಲಿ ಮುಚ್ಚಿದರು. ಮೇ ತಿಂಗಳಲ್ಲಿ, ಒಬ್ಬೊಬ್ಬರೇ ಬರುವಂತಿಲ್ಲ ಎಂಬ ನಿಯಮ ಮಾಡಿ ತೆರೆದರು. ತಡೆಯ ಎತ್ತರ ಮಾತ್ರ ಹಾಗೇ ಉಳಿಯಿತು. ಜುಲೈನಲ್ಲಿ ಮತ್ತೊಂದು ಸಾವು, ಮತ್ತೆ ಬೀಗ. ಆ ಬೀಗ ತೆಗೆದದ್ದು 2024ರಲ್ಲಿ, ಹಲವು ಕಡೆ ಅಂತಸ್ತಿನ ನೆಲದಿಂದ ಮೇಲಿನವರೆಗೂ ಉಕ್ಕಿನ ಜಾಲರಿ ಬಿಗಿದ ಮೇಲೆ. ತುದಿಯ ಅಂತಸ್ತು ಆಗಲೂ ಮುಚ್ಚಿಯೇ ಇತ್ತು. ಯಾವ ನೋಟ ಉಳಿಯಲಿ ಅಂತ ತಡೆಯನ್ನು ತಗ್ಗಿಸಿದ್ದರೋ, ಆ ನೋಟ ಮೂರು ವರ್ಷ ಯಾರಿಗೂ ಸಿಗಲಿಲ್ಲ.

ಇದಕ್ಕೆ ಎದುರಾಗಿ ಕೆನಡಾದ ಟೊರಾಂಟೋ ನೋಡಿ. ಅಲ್ಲಿನ ಪ್ರಿನ್ಸ್ ಎಡ್ವರ್ಡ್ ವಯಡಕ್ಟ್ 1918ರ ಸೇತುವೆ. ಅದಕ್ಕೂ ಇದೇ ಸಂಕಟ ಇತ್ತು. 2003ರಲ್ಲಿ ಎರಡೂ ಅಂಚಿಗೆ 9,000ಕ್ಕೂ ಹೆಚ್ಚು ಸಣ್ಣ ಉಕ್ಕಿನ ಸರಳು ನಿಲ್ಲಿಸಿದರು. ಸಿಕ್ಕ ಬೇಲಿ ತಂದು ಬಡಿಯಲಿಲ್ಲ. ಡೆರೆಕ್ ರೆವಿಂಗ್ಟನ್ ಎಂಬ ವಾಸ್ತುಶಿಲ್ಪಿ ಅದನ್ನೇ ಒಂದು ಕೃತಿ ಅಂತ ಬಗೆದು ರೂಪಿಸಿದರು. 'ಲ್ಯೂಮಿನಸ್ ವೇಲ್' ಎಂದು ಅದಕ್ಕೆ ಹೆಸರೂ ಇದೆ. 2015ರಲ್ಲಿ ದೀಪಗಳೂ ಬಂದವು. ಹಳೇ ಸೇತುವೆಗೆ 85 ವರ್ಷ ಆದಮೇಲೆ ಹಾಕಿದ ತಡೆಯೇ ಇಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಇನ್ನೂ ನಕ್ಷೆಯಲ್ಲೇ ಇರುವ ನಿಮ್ಮ ಗೋಪುರಕ್ಕೆ ಏನು ಕಷ್ಟ?

ನಿಮ್ಮ ಆರ್ಕಿಟೆಕ್ಟ್ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪಂಜರ ಅನ್ನಿಸುವುದುಂಟು. ಆದರೆ ಅದಕ್ಕೆ ಎತ್ತರಕ್ಕಿಂತ ಜಾಸ್ತಿ ಕಾರಣ ಸರಳಿನ ದಪ್ಪ ಮತ್ತು ಬಣ್ಣ. ಬಿಳಿ ಬಣ್ಣದ ಜಾಲರಿ ಬಿಸಿಲಿಗೆ ಹೊಳೆಯುತ್ತದೆ, ಕಣ್ಣು ಅಲ್ಲೇ ನಿಂತುಬಿಡುತ್ತದೆ. ಅದೇ ಜಾಲರಿಗೆ ಕಡು ಬೂದು ಅಥವಾ ಕಪ್ಪು ಹೊಡೆಸಿ, ಕಣ್ಣು ಅದನ್ನು ದಾಟಿ ಆಚೆ ಹೋಗುತ್ತದೆ. ಚಪ್ಪಟೆ ಪಟ್ಟಿಗಳು ಎದುರಿನಿಂದ ತೆಳ್ಳಗೆ ಕಾಣುತ್ತವೆ ನಿಜ. ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೆ ಒಂದಕ್ಕೊಂದು ಕೂಡಿಕೊಂಡು ಗೋಡೆಯಾಗುತ್ತವೆ. ಹಾಗಾಗಿ ಸಣ್ಣ ದುಂಡು ಸರಳು ಅಥವಾ ಎಳೆದು ಬಿಗಿದ ಕೇಬಲ್ ವಾಸಿ. ಅಡ್ಡ ಸರಳು ಮಾತ್ರ ಬೇಡವೇ ಬೇಡ, ಮಕ್ಕಳು ಅದರ ಮೇಲೆ ಕಾಲಿಟ್ಟು ಹತ್ತುತ್ತಾರೆ. ಸರಳುಗಳ ನಡುವಿನ ಸಂದು 10 ಸೆಂಟಿಮೀಟರ್‌ಗಿಂತ ಕಡಿಮೆ ಇರಲಿ. ಪುಟ್ಟ ಮಗುವಿನ ತಲೆ ತೂರಬಾರದು ಅನ್ನುವ ಲೆಕ್ಕ ಅದು.

ಗಾಜೇ ಬೇಕೆಂದರೆ ಲ್ಯಾಮಿನೇಟೆಡ್ ಗಾಜು ಹಾಕಿಸಿ. ಒಡೆದರೂ ನಡುವಿನ ಪದರ ಚೂರುಗಳನ್ನು ಹಿಡಿದುಕೊಂಡಿರುತ್ತದೆ. ಬರೀ ಟಫನ್ಡ್ ಗಾಜು ಒಡೆದರೆ ಪುಡಿಪುಡಿಯಾಗಿ ಕೆಳಗೆ ಸುರಿದುಹೋಗುತ್ತದೆ. ಆಮೇಲೆ ಅಲ್ಲಿ ತಡೆಯೇ ಇರುವುದಿಲ್ಲ, ಅಲ್ವಾ?

ಸುಮ್ನೆ ಸಭೆಯಲ್ಲಿ ಕೂತು ವಾದ ಮಾಡುವ ಬದಲು, ಎರಡು ಮೀಟರ್ ಅಗಲದ ಒಂದು ತುಂಡನ್ನು ನಿಜವಾದ ಅಳತೆಯಲ್ಲಿ ಮಾಡಿಸಿ. ಯಾವುದಾದರೂ ಎತ್ತರದ ಕಟ್ಟಡದ ತಾರಸಿಯಲ್ಲಿ ನಿಲ್ಲಿಸಿ. ಬೆಳಿಗ್ಗೆ ನೋಡಿ, ನಡುಮಧ್ಯಾಹ್ನ ನೋಡಿ, ದೀಪ ಹತ್ತಿದ ಮೇಲೂ ನೋಡಿ. ಕುರ್ಚಿ ಹಾಕಿಕೊಂಡು ಕೂತೂ ನೋಡಿ. ಗಾಲಿಕುರ್ಚಿಯಲ್ಲಿ ಬರುವವರ ಕಣ್ಣು ಹೆಚ್ಚುಕಡಿಮೆ ಆ ಮಟ್ಟದಲ್ಲೇ ಇರುತ್ತದೆ. ರೇಲಿಂಗ್ ಮೇಲಿನ ದಪ್ಪ ಪಟ್ಟಿ ಸರಿಯಾಗಿ ಅವರ ಕಣ್ಣಿಗೇ ಅಡ್ಡ ಬರುತ್ತದೆ. ನೋಟ ನೋಟ ಅಂತ ಇಷ್ಟು ಮಾತಾಡುವ ನಾವು ಅವರ ನೋಟವನ್ನು ಮರೆಯುವುದು ನನಗೆ ತುಂಬಾ ಬೇಸರದ ವಿಷಯ.

ಇಷ್ಟೆಲ್ಲ ಮಾಡಿದ ಮೇಲೂ ಎರಡೂ ಹೊಂದದಿದ್ದರೆ ಎಂಜಿನಿಯರ್ ಮಾತೇ ನಡೆಯಲಿ. ಆದರೆ ಆ ತಡೆಯ ವಿನ್ಯಾಸ ಆರ್ಕಿಟೆಕ್ಟ್ ಕೈಯಲ್ಲೇ ಇರಲಿ. ಅದಕ್ಕೆ ಬೇಕಾದ ಹಣವನ್ನು ಮೊದಲೇ ಬೇರೆ ತೆಗೆದಿಡಿ. ಎಲ್ಲ ಖರ್ಚಾಗಿ ಉಳಿದ ದುಡ್ಡಿನಲ್ಲಿ ಮಾಡಿಸಿದ ಜಾಲರಿಯೇ ಕೊನೆಗೆ ಕಣ್ಣಿಗೆ ಚುಚ್ಚುವುದು.

ಪ್ರಶ್ನೆ: ಪಾದಚಾರಿ ಸೇತುವೆಗೆ ಗಾಜಿನ ನೆಲ ಹಾಕಬಹುದಾ? ರಾತ್ರಿ ಕೆಳಗಿನಿಂದ ಬೆಳಕು ಬಿಟ್ಟರೆ ಅದ್ಭುತವಾಗಿರುತ್ತದೆ.

ಉತ್ತರ: ಮಳೆ ನೀರು ಬೀಳುವ ಜಾಗಕ್ಕೆ ಬೇಡ. ವೆನಿಸ್‌ನ ದೊಡ್ಡ ಕಾಲುವೆಯ ಮೇಲೆ ಸಾಂಟಿಯಾಗೊ ಕಲಾಟ್ರಾವಾ ರೂಪಿಸಿದ ಸೇತುವೆ 2008ರಲ್ಲಿ ತೆರೆಯಿತು. ಒದ್ದೆಯಾದ ಗಾಜಿನ ಮೆಟ್ಟಿಲ ಮೇಲೆ ಜನ ಜಾರಿ ಬೀಳುತ್ತಲೇ ಇದ್ದರು. ಗಾಜು ತೆಗೆದು ಕಲ್ಲು ಹಾಕುತ್ತೇವೆ ಎಂದು 2022ರಲ್ಲಿ ನಗರಾಡಳಿತ ಪ್ರಕಟಿಸಿತು. ಅದೇ ವಿನ್ಯಾಸಕಾರರ ಬಿಲ್ಬಾವೋ ಸೇತುವೆಗೂ ಗಾಜಿನ ನೆಲ. ಜಾರುತ್ತದೆ ಅಂತ ಆಮೇಲೆ ಅದರ ಮೇಲೆ ಹಾಸು ಹೊದಿಸಬೇಕಾಯಿತು. ನಿಮಗೆ ಬೇಕಿರುವುದು ರಾತ್ರಿಯ ಬೆಳಕು ತಾನೆ? ಕೈಪಟ್ಟಿಯ ಅಡಿಗೆ ದೀಪದ ಸಾಲು ಕೊಡಿ, ನೆಲಕ್ಕೆ ಒರಟು ಕಲ್ಲು ಹಾಸಿ. ಪ್ರತಿ ಮೆಟ್ಟಿಲ ಅಂಚಿಗೆ ಬೇರೆ ಬಣ್ಣದ ಪಟ್ಟಿ ಇರಲಿ. ಇಳಿಯುವಾಗ ಮೆಟ್ಟಿಲು ಎಲ್ಲಿ ಮುಗಿಯಿತು ಅಂತ ವಯಸ್ಸಾದವರಿಗೆ ತಿಳಿಯುವುದು ಅದರಿಂದಲೇ.

ಪ್ರಶ್ನೆ: ಸ್ಮಾರಕದ ಸುತ್ತ ವಾಹನ ನುಗ್ಗದಂತೆ ಕಾಂಕ್ರೀಟ್ ದಿಮ್ಮಿ ಇಟ್ಟಿದ್ದಾರೆ. ನೋಡಲಾಗುವುದಿಲ್ಲ. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ವಾಷಿಂಗ್ಟನ್ ಸ್ಮಾರಕದ ಸುತ್ತಲೂ ಇಂಥದೇ ದಿಮ್ಮಿಗಳಿದ್ದವು. ಅವನ್ನು ತೆಗೆದು, ಕಾಲುದಾರಿಯ ಪಕ್ಕಕ್ಕೆ ಬಾಗಿ ಹೋಗುವ ತಗ್ಗಿನ ಗ್ರಾನೈಟ್ ಕಟ್ಟೆ ಕಟ್ಟಿದರು. ಆ ಕೆಲಸ 2005ರಲ್ಲಿ ಮುಗಿಯಿತು. ಜನ ಅದರ ಮೇಲೆ ಕೂರುತ್ತಾರೆ, ವಾಹನ ಮಾತ್ರ ದಾಟಲಾರದು. ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದ ಮುಂದೆ ತಂಡದ ಹೆಸರಿನ ದೊಡ್ಡ ಕಾಂಕ್ರೀಟ್ ಅಕ್ಷರಗಳೇ ತಡೆಯಾಗಿ ನಿಂತಿವೆ. ಐಫೆಲ್ ಗೋಪುರಕ್ಕೆ 2018ರಲ್ಲಿ ಎರಡು ಬದಿಗೆ ಗುಂಡು ತೂರದ ಗಾಜಿನ ಗೋಡೆ ಹಾಕಿದರು, ಹಾಗಾಗಿ ಬೀದಿಯಿಂದ ನೋಡುವವರಿಗೆ ಗೋಪುರ ಮರೆಯಾಗಲಿಲ್ಲ.

ನಿಮ್ಮಲ್ಲಿ ಕಟ್ಟೆ, ಗಟ್ಟಿ ತಳಪಾಯದ ಗಿಡದ ತೊಟ್ಟಿ, ಕಂಬ, ಮೂರನ್ನೂ ಕಲಸಿ ಬಳಸಬಹುದು. ಕಂಬಗಳ ನಡುವೆ 1.2 ಮೀಟರ್‌ಗಿಂತ ಜಾಸ್ತಿ ಬಿಡಬೇಡಿ. ಅಷ್ಟರಲ್ಲಿ ಗಾಲಿಕುರ್ಚಿ ಆರಾಮಾಗಿ ಹೋಗುತ್ತದೆ, ಕಾರು ಹೋಗುವುದಿಲ್ಲ. ಅಗ್ನಿಶಾಮಕ ವಾಹನ ಒಳಗೆ ಬರಲು ಒಂದು ಕಡೆ ತೆಗೆಯಬಹುದಾದ ಕಂಬಗಳಿರಲಿ. ಅವುಗಳ ಕೀಲಿಕೈ ರಾತ್ರಿ ಹೊತ್ತು ಯಾರ ಬಳಿ ಇರುತ್ತದೆ ಎನ್ನುವುದನ್ನು ಕಂಬ ನೆಡುವ ಮೊದಲೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಿ.